ಇನಿಷಿಯಲ್‌ನಲ್ಲಿರೋ ಅಪ್ಪ



ಇವತ್ತು ಏಪ್ರಿಲ್ 12. ಬೆಳಗ್ಗೆಯಿಂದ ಯಾವ ಚಾನೆಲ್ ಹಾಕಿದರೂ ನೀವು ಒಂದೇ ಜಾಗ ನೋಡ್ತಿದ್ದೀರಿ. ಕಂಠೀರವ ಸ್ಟುಡಿಯೋ. ಯಶವಂತಪುರದಲ್ಲಿ ಆಟೋ ಹತ್ತಿ ‘ಅಣ್ಣಾವ್ರ ಸಮಾಧಿ’ ಅಂದರೆ ಸಾಕು, ಡ್ರೈವರ್ ಎರಡನೇ ಪ್ರಶ್ನೆ ಕೇಳಲ್ಲ. ಹಾರ, ಹಣ್ಣು, ಊದುಬತ್ತಿ ಹಿಡಿದ ಜನ. ಸರತಿಯಲ್ಲಿ ನಿಂತಿರೋ ಹೆಂಗಸರು, ಅಪ್ಪಂದಿರ ಹೆಗಲ ಮೇಲೆ ಕೂತಿರೋ ಮಕ್ಕಳು. 2006ರ ಈ ದಿನ ಡಾ. ರಾಜ್‌ಕುಮಾರ್ ತೀರಿಕೊಂಡರು. ಹೆಗಲ ಮೇಲೆ ಕೂತಿರೋ ಈ ಮಕ್ಕಳು ಆಗ ಹುಟ್ಟಿರಲೇ ಇಲ್ಲ. ಆದರೂ ‘ಅಣ್ಣಾವ್ರು’ ಅಂತಾವೆ. ಯಾರು ಹೇಳಿಕೊಟ್ಟರು? ಹೊತ್ತುಕೊಂಡಿರೋ ಅಪ್ಪ.

ಪ್ರತಿ ವರ್ಷ ಈ ದಿನ ನಾವು ಸಿನಿಮಾ ಲೆಕ್ಕ ಹೇಳ್ತೀವಿ. 200ಕ್ಕೂ ಹೆಚ್ಚು ಚಿತ್ರ, 1992ರಲ್ಲಿ ಕುವೆಂಪು ಅವರ ಜೊತೆಗೆ ಕರ್ನಾಟಕ ರತ್ನ, ಆಮೇಲೆ ದಾದಾಸಾಹೇಬ್ ಫಾಲ್ಕೆ. ಅದೆಲ್ಲ ನಿಮಗೆ ಗೊತ್ತಿರೋದೇ. ಇವತ್ತು ನಾನು ಬೇರೆ ಒಂದು ವಿಷಯ ಹೇಳ್ತೀನಿ. ಆ ಮನೆಯಲ್ಲಿ ಮೂರು ತಲೆಮಾರು ಅಪ್ಪನನ್ನು ಹೇಗೆ ನೆನಪಿಟ್ಟುಕೊಂಡಿತು ಅನ್ನೋದು. ಯಾಕೆ ಅಂದ್ರೆ ಅಪ್ಪ ಅನ್ನೋರು ನಿಮ್ಮ ಮನೆಯಲ್ಲೂ ಇದ್ದಾರೆ, ಅಥವಾ ಇದ್ದರು.

ಮೊದಲು ಹೆಸರಿನಿಂದ ಶುರು ಮಾಡೋಣ.

ಗಾಜನೂರಿನಲ್ಲಿ 1929ರ ಏಪ್ರಿಲ್ 24ರಂದು ಹುಟ್ಟಿದ ಆ ಹುಡುಗನ ಹೆಸರು ಮುತ್ತುರಾಜ. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಮುತ್ತುರಾಜ. ನಮ್ಮ ಕಡೆ ಪದ್ಧತಿ ಹಾಗೆ. ಮೊದಲ ಅಕ್ಷರ ಊರು, ಎರಡನೇ ಅಕ್ಷರ ಅಪ್ಪ, ಆಮೇಲೆ ನಾವು. ಎಷ್ಟು ಸರಳ ನೋಡಿ. ಎಲ್ಲಿಂದ ಬಂದೆ, ಯಾರಿಂದ ಬಂದೆ, ಯಾರು ನೀನು, ಮೂರಕ್ಕೂ ಉತ್ತರ ಒಂದೇ ಸಾಲಲ್ಲಿ.

ಪುಟ್ಟಸ್ವಾಮಯ್ಯ ಗುಬ್ಬಿ ವೀರಣ್ಣನವರ ಕಂಪನಿ ನಟರು. ಗತ್ತಿನ ಪಾತ್ರಗಳಿಗೆ ಹೆಸರಾದವರು. ಮಗನ ಓದು ಪ್ರೈಮರಿಗೇ ನಿಂತಿತು. ಅಪ್ಪನ ಜೊತೆ ಊರೂರು ತಿರುಗಿದ್ದೇ ಅವನ ಶಾಲೆ. ಮಾತು ಹೇಗೆ ಆಡಬೇಕು, ಉಸಿರು ಎಲ್ಲಿ ತಗೋಬೇಕು, ದೊಡ್ಡವರ ಮುಂದೆ ಹೇಗೆ ನಿಲ್ಲಬೇಕು, ಎಲ್ಲ ಅಲ್ಲೇ ಕಲಿತದ್ದು. 1951ರಲ್ಲಿ ಪುಟ್ಟಸ್ವಾಮಯ್ಯ ತೀರಿಕೊಂಡರು. ಮಗ ಹೀರೋ ಆದ ‘ಬೇಡರ ಕಣ್ಣಪ್ಪ’ ಬಂದದ್ದು 1954ರಲ್ಲಿ. ಮೂರು ವರ್ಷ! ಮೂರೇ ಮೂರು ವರ್ಷದ ಅಂತರದಲ್ಲಿ ಆ ಅಪ್ಪ ಮಗನ ಗೆಲುವನ್ನು ಕಾಣಲಿಲ್ಲ. ನಿರ್ದೇಶಕ ಎಚ್.ಎಲ್.ಎನ್. ಸಿಂಹ ಅವರು ಹೊಸ ಹೀರೋಗೆ ರಾಜ್‌ಕುಮಾರ್ ಅಂತ ಹೆಸರಿಟ್ಟರು. ಪೋಸ್ಟರ್ ಮೇಲೆ ಇನಿಷಿಯಲ್‌ಗೆ ಜಾಗ ಇರಲಿಲ್ಲ. ಊರೂ ಹೋಯ್ತು, ಅಪ್ಪನ ಅಕ್ಷರವೂ ಹೋಯ್ತು.

ಹೋಯ್ತಾ? ಇಲ್ಲ. 1962ರಲ್ಲಿ ಮೊದಲ ಮಗ ಹುಟ್ಟಿದಾಗ ಇಟ್ಟ ಹೆಸರು ನಾಗರಾಜು ಶಿವ ಪುಟ್ಟಸ್ವಾಮಿ. ಇವತ್ತು ನೀವು ಶಿವಣ್ಣ ಅಂತ ಕರೆಯೋ ಶಿವರಾಜ್‌ಕುಮಾರ್ ಅವರ ಹೆಸರಲ್ಲಿ ತಾತ ಬಂದು ಕೂತಿದ್ದರು. ಆಮೇಲೆ ಗಂಡುಮಕ್ಕಳು ಮೂವರೂ ‘ರಾಜ್‌ಕುಮಾರ್’ ಅನ್ನೋದನ್ನು ಹೆಸರಿನ ಕೊನೆಗೆ ಸೇರಿಸಿಕೊಂಡರು. ಶಿವ, ರಾಘವೇಂದ್ರ, ಪುನೀತ್. ಮುಂದೆ ಇರಬೇಕಾದ ಅಪ್ಪ ಹಿಂದೆ ಬಂದು ನಿಂತರು. ಬೆನ್ನಿಗೆ ನಿಂತರು ಅನ್ನಿ.

ಈಗ ಕಣ್ಣಿನ ವಿಷಯ.

ಬೇಡರ ಕಣ್ಣಪ್ಪನ ಕಥೆ ನಿಮಗೆ ಗೊತ್ತು. ಶಿವನ ಕಣ್ಣಲ್ಲಿ ರಕ್ತ ಬರೋದನ್ನ ನೋಡಿ ತನ್ನ ಕಣ್ಣು ಕಿತ್ತು ಇಟ್ಟ ಬೇಡ. ರಾಜ್‌ಕುಮಾರ್ ಹೀರೋ ಆದ ಮೊದಲ ಚಿತ್ರದಲ್ಲಿ ಕಣ್ಣು ಕೊಟ್ಟರು. ಅದಾಗಿ 40 ವರ್ಷಕ್ಕೆ, 1994ರಲ್ಲಿ, ನಾರಾಯಣ ನೇತ್ರಾಲಯದಲ್ಲಿ ಅವರ ಹೆಸರಿನ ನೇತ್ರ ಬ್ಯಾಂಕ್ ಶುರುವಾಯಿತು. ಅವತ್ತು ಅವರು ರಿಬ್ಬನ್ ಕತ್ತರಿಸಿ ಮನೆಗೆ ಬರಲಿಲ್ಲ. ಇಡೀ ಕುಟುಂಬದ ಕಣ್ಣು ದಾನ ಮಾಡ್ತೀವಿ ಅಂತ ಮಾತು ಕೊಟ್ಟು ಬಂದರು. 2006ರ ಏಪ್ರಿಲ್ 12ರಂದು ಆ ಮಾತು ನಡೆಯಿತು. ಇಬ್ಬರಿಗೆ ದೃಷ್ಟಿ ಬಂತು. 2017ರಲ್ಲಿ ಪಾರ್ವತಮ್ಮನವರು ಹೋದಾಗ ಅವರ ಕಣ್ಣೂ ದಾನವಾಯಿತು. 2021ರ ಅಕ್ಟೋಬರ್ 29ರಂದು, 46 ವರ್ಷಕ್ಕೇ ಅಪ್ಪು ಹೋದರು. ಆ ದಿನ ಆ ಮನೆಯವರ ಸ್ಥಿತಿ ಹೇಗಿತ್ತು ಅನ್ನೋದನ್ನ ಇಡೀ ರಾಜ್ಯ ನೋಡಿದೆ. ಅಂಥಾ ಹೊತ್ತಲ್ಲೂ ಯಾರೋ ಒಬ್ಬರು ಕಣ್ಣಿನ ಆಸ್ಪತ್ರೆಗೆ ಫೋನ್ ಮಾಡಿದರು.

ಅಪ್ಪು ಕಣ್ಣಿನಿಂದ ನಾಲ್ಕು ಜನಕ್ಕೆ ದೃಷ್ಟಿ ಬಂತು. ಎರಡು ಕಣ್ಣು, ನಾಲ್ಕು ಜನ. ಹೇಗೆ? ಕಣ್ಣಿನ ಕಪ್ಪು ಭಾಗದ ಮುಂದೆ ಗಾಜಿನ ಥರ ಒಂದು ಪದರ ಇದೆ, ಅದೇ ಕಾರ್ನಿಯಾ. ದಾನ ಅಂದರೆ ಮುಖ್ಯವಾಗಿ ಅದು. ನೋಡೋಕೆ ಒಂದೇ ಪದರ ಅನ್ನಿಸಿದರೂ ಒಳಗೆ ಪದರಗಳಿವೆ. ಕೆಲವರಿಗೆ ಮುಂದಿನ ಪದರ ಹಾಳಾಗಿರುತ್ತೆ, ಕೆಲವರಿಗೆ ಹಿಂದಿನದು. ಅಪ್ಪು ಅವರ ಒಂದೊಂದು ಕಾರ್ನಿಯಾವನ್ನೂ ಎರಡಾಗಿ ಬಿಡಿಸಿ, ಯಾರಿಗೆ ಯಾವುದು ಬೇಕೋ ಅದನ್ನು ಹಾಕಿದರು. ಅಪ್ಪ ಕೊಟ್ಟ ಮಾತನ್ನು ಮಗ ಉಳಿಸಿಕೊಂಡಿದ್ದು ಹೀಗೆ, ಅದೂ ಎರಡು ಪಟ್ಟು.

ವೀಕ್ಷಕರೇ, ಇಲ್ಲಿ ನಮ್ಮ ಮನೆಯ ವಿಷಯ ಸ್ವಲ್ಪ ಹೇಳಬೇಕು.

ನಮ್ಮಪ್ಪ ಪೀಣ್ಯದಲ್ಲಿ ಟರ್ನರ್. ಲೇತ್ ಮೇಲೆ 30 ವರ್ಷ. ಮನೆ ಮತ್ತಿಕೆರೆ. ಅಪ್ಪನ ಕಣ್ಣಿನ ಬಗ್ಗೆ ಅವರ ವರ್ಕ್‌ಶಾಪಲ್ಲಿ ಒಂದು ಮಾತಿತ್ತು, ಇವರು ವರ್ನಿಯರ್ ಹಿಡಿಯೋಕೆ ಮುಂಚೇನೇ ಅಳತೆ ಹೇಳ್ತಾರೆ ಅಂತ. ಕೂದಲೆಳೆಗಿಂತ ಸಣ್ಣ ವ್ಯತ್ಯಾಸ ಇದ್ದರೂ ಪೀಸ್ ಪಕ್ಕಕ್ಕಿಡೋರು. ನಾನು ಇಂಜಿನಿಯರಿಂಗ್ ಸೇರಿದಾಗ ಮೊದಲ ಸೆಮಿಸ್ಟರ್ ವರ್ಕ್‌ಶಾಪ್ ರೆಕಾರ್ಡ್ ನೋಡಿ, ‘ಪುಟ್ಟಿ, ಡ್ರಾಯಿಂಗ್ ಚೆನ್ನಾಗಿದೆ, ಆದ್ರೆ ಈ ಅಳತೆಗೆ ಯಾರೂ ಕೆಲಸ ಮಾಡಕ್ಕಾಗಲ್ಲ ಕಣೇ’ ಅಂದಿದ್ದರು. ಮೂರನೇ ಭಾನುವಾರದ ಹೊತ್ತಿಗೆ ಆ ರೆಕಾರ್ಡ್‌ನ ಒಂದೊಂದು ಲೆಕ್ಕವೂ ಯಶವಂತಪುರ ಸಂತೆಯಿಂದ ತಂದ ತರಕಾರಿ ಚೀಲದ ಪಕ್ಕದಲ್ಲೇ ಕೂತು ತಿದ್ದಿಸಿದ್ದರು. ಇಂಜಿನಿಯರಿಂಗ್ ಮುಗಿಸಿ ಟಿವಿಗೆ ಹೋಗ್ತೀನಿ ಅಂದಾಗ ನೆಂಟರೆಲ್ಲ ತಲೆ ಕೆಡಿಸಿಕೊಂಡರು. ಹೆಬ್ಬಾಳದ ಹತ್ತಿರ ಅಷ್ಟು ದೊಡ್ಡ ದೊಡ್ಡ ಸಾಫ್ಟ್‌ವೇರ್ ಆಫೀಸ್ ಇಟ್ಕೊಂಡು ಇವಳಿಗ್ಯಾಕೆ ಈ ಹುಚ್ಚು ಅಂದರು. ಅಪ್ಪ ಕೇಳಿದ್ದು ಒಂದೇ. ‘ಸುಳ್ಳು ಓದಬೇಕಾಗುತ್ತಾ?’ ಇಲ್ಲಪ್ಪಾ ಅಂದೆ. ‘ಹಂಗಾದ್ರೆ ಹೋಗು.’

2021ರ ನವೆಂಬರ್‌ನಲ್ಲಿ, ಅಪ್ಪು ಹೋದ ಮೇಲೆ, ಅಪ್ಪ ಒಂದು ದಿನ ಕಣ್ಣಿನ ದಾನದ ಫಾರಂ ತಂದು ಸೈನ್ ಹಾಕಿ, ಅಮ್ಮನ ಹತ್ತಿರ ಕೊಟ್ಟು, ರೇಷನ್ ಕಾರ್ಡ್ ಇಡೋ ಡಬ್ಬದಲ್ಲಿ ಇಡೋಕೆ ಹೇಳಿದರು. ಭಾಷಣ ಏನೂ ಮಾಡಲಿಲ್ಲ. ಎರಡು ವರ್ಷ ಕಳೆದು, ಒಂದು ರಾತ್ರಿ ಹತ್ತೂವರೆಗೆ ಅಪ್ಪ ಹೋದರು. ಮನೆಯಲ್ಲೇ. ಹಾರ್ಟ್ ಅಟ್ಯಾಕ್.

ಸಾವಿನ ಮನೆ ಹೇಗಿರುತ್ತೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಅಳು, ಫೋನು, ಯಾರು ಯಾವ ಊರಿಂದ ಹೊರಟರು ಅನ್ನೋ ಲೆಕ್ಕ. ಆ ಮಧ್ಯೆ ನಾನು ನೇತ್ರ ಬ್ಯಾಂಕಿಗೆ ಫೋನ್ ಮಾಡ್ತೀನಿ ಅಂದೆ. ನಮ್ಮ ಸೋದರತ್ತೆ ಎದೆ ಬಡಿದುಕೊಂಡರು. ‘ಕಣ್ಣಿಲ್ಲದೆ ಕಳಿಸ್ತೀರೇನೇ ನಮ್ಮಣ್ಣನ್ನ? ಮುಂದಿನ ಜನ್ಮಕ್ಕೆ ಕುರುಡಾಗಿ ಹುಟ್ಟಲ್ವಾ?’ ಅವರು ಕೆಟ್ಟವರಲ್ಲ ವೀಕ್ಷಕರೇ. ಅಣ್ಣನ ಮೇಲಿನ ಪ್ರೀತಿಗೇ ಆ ಮಾತು ಬಂದದ್ದು. ಅಂಥ ಪ್ರೀತಿಯ ಜೊತೆ ವಾದ ಮಾಡೋದು ಕಷ್ಟ. ನನ್ನ ಬಾಯಿ ಕಟ್ಟಿತು. ದಿನಾ ಸಂಜೆ ಪ್ಯಾನೆಲ್‌ನಲ್ಲಿ ನಾಲ್ಕು ಜನರನ್ನು ಸುಮ್ಮನಾಗಿಸೋ ನನಗೆ ಒಬ್ಬ ಅತ್ತೆಗೆ ಉತ್ತರ ಕೊಡೋಕೆ ಆಗಲಿಲ್ಲ.

ಅಮ್ಮ ಎದ್ದು ಡಬ್ಬ ತೆಗೆದು ಫಾರಂ ತಂದರು. ‘ನೋಡಮ್ಮ, ಅಣ್ಣಾವ್ರು ಕೊಟ್ರು, ಪಾರ್ವತಮ್ಮೋರು ಕೊಟ್ರು, ಅಪ್ಪು ಕೊಟ್ಟ. ಅವರಿಗೆಲ್ಲ ಆಗೋದು ಇವರಿಗೂ ಆಗ್ಲಿ. ನಿಮ್ಮಣ್ಣ ಸೈನ್ ಹಾಕಿ ಇಟ್ಟವ್ರೆ. ಇದ್ದಾಗ ಅವರ ಮಾತು ಮೀರಿಲ್ಲ, ಈಗ ಮೀರಲ್ಲ.’ ಅತ್ತೆ ಆ ಸೈನ್ ಮೇಲೆ ಕೈ ಆಡಿಸಿದರು. ಆಮೇಲೆ ಸುಮ್ಮನಾದರು.

ಒಂದು ಗಂಟೆಯೊಳಗೆ ಇಬ್ಬರು ಬಂದರು. ಅಪ್ಪನಿಗೆ ಕ್ಯಾಟರಾಕ್ಟ್ ಆಪರೇಷನ್ ಆಗಿತ್ತು, ಈ ಕಣ್ಣು ಉಪಯೋಗಕ್ಕೆ ಬರುತ್ತಾ ಅಂತ ಕೇಳಿದೆ. ‘ಬರುತ್ತೆ ಮೇಡಂ, ಆಪರೇಷನ್ ಲೆನ್ಸ್‌ಗೆ ಆಗಿರೋದು, ನಮಗೆ ಬೇಕಾಗಿರೋದು ಕಾರ್ನಿಯಾ’ ಅಂದರು. ಇಪ್ಪತ್ತು ನಿಮಿಷ. ಬಾಗಿಲು ತೆಗೆದಾಗ ಅಪ್ಪನ ಮುಖ ಹಾಗೇ ಇತ್ತು. ರೆಪ್ಪೆ ಮುಚ್ಚಿಕೊಂಡು ಮಲಗಿದ ಹಾಗೆ. ಬೆಳಗ್ಗೆ ಬಂದ ಯಾರಿಗೂ ಗೊತ್ತೇ ಆಗಲಿಲ್ಲ. ಅತ್ತೆ ಪಕ್ಕದಲ್ಲಿ ಕೂತು ಅಣ್ಣನ ಹಣೆ ಸವರುತ್ತಾನೇ ಇದ್ದರು.

ಯಾರಿಗೆ ಹಾಕಿದರು ಅಂತ ನಮಗೆ ಹೇಳಲ್ಲ, ಅದು ನಿಯಮ. ಒಂದು ಸರ್ಟಿಫಿಕೇಟ್ ಕೊಡ್ತಾರೆ ಅಷ್ಟೆ. ಆದರೆ ದಿನಾ ರಾತ್ರಿ ಈ ಕ್ಯಾಮೆರಾ ಮುಂದೆ ಕೂತಾಗ ಒಮ್ಮೊಮ್ಮೆ ಅನ್ನಿಸುತ್ತೆ. ಈ ಊರಲ್ಲಿ ಎಲ್ಲೋ ಒಂದು ಮನೆಯಲ್ಲಿ, ಲೇತ್ ಮೇಲೆ ಅಳತೆ ಹಿಡೀತಿದ್ದ ಆ ಕಣ್ಣಿನ ಗಾಜು ನಾನು ಓದೋ ನ್ಯೂಸ್ ನೋಡ್ತಿರಬಹುದು. ಅದಕ್ಕೇ ಸುಳ್ಳು ಓದೋಕೆ ಭಯ.

ಈಗ ಇದನ್ನ ಬರೆದಿಟ್ಟುಕೊಳ್ಳಿ, ಉಪಯೋಗಕ್ಕೆ ಬರುತ್ತೆ. ಸಾವಾದ ಆರು ಗಂಟೆಯೊಳಗೆ ಕಣ್ಣು ತೆಗೆಯಬೇಕು, ಬೇಗ ಆದಷ್ಟೂ ಒಳ್ಳೇದು. ಫೋನ್ ಮಾಡಿದ ಮೇಲೆ ಫ್ಯಾನ್ ಆಫ್ ಮಾಡಿ, ರೆಪ್ಪೆ ಮುಚ್ಚಿ, ಅದರ ಮೇಲೆ ಒದ್ದೆ ಹತ್ತಿ ಇಡಿ. ತಲೆ ಕೆಳಗೆ ದಿಂಬು ಕೊಟ್ಟು ಸ್ವಲ್ಪ ಎತ್ತರ ಮಾಡಿ. ಕನ್ನಡಕ ಹಾಕೋರು, ಶುಗರ್ ಇರೋರು, ಬಿಪಿ ಇರೋರು, ಎಲ್ಲರೂ ಕೊಡಬಹುದು. ಎಚ್‌ಐವಿ, ಹೆಪಟೈಟಿಸ್, ರೇಬೀಸ್ ಥರದ ಸೋಂಕು ಇದ್ದರೆ ಆಗಲ್ಲ. ಬ್ಲಡ್ ಗ್ರೂಪ್ ಹೊಂದಬೇಕು ಅಂತಿಲ್ಲ, ಯಾಕೆ ಅಂದ್ರೆ ಕಾರ್ನಿಯಾಗೆ ರಕ್ತನಾಳವೇ ಇಲ್ಲ. ಇನ್ನೊಂದು ಮುಖ್ಯ. ಫಾರಂಗೆ ಸೈನ್ ಹಾಕಿದರೆ ಮುಗೀತು ಅಂದ್ಕೋಬೇಡಿ. ಹೋದವರು ಫೋನ್ ಮಾಡೋಕೆ ಆಗಲ್ಲ, ಮನೆಯವರು ಮಾಡಬೇಕು, ಮನೆಯವರು ಒಪ್ಪಬೇಕು. ಸೈನ್ ಹಾಕದೇ ಹೋಗಿದ್ದರೂ ಮನೆಯವರು ಒಪ್ಪಿದರೆ ದಾನ ಮಾಡಬಹುದು. ಹಾಗಾಗಿ ಇದು ಮನೆಯಲ್ಲಿ ಊಟಕ್ಕೆ ಕೂತಾಗ ಆಡಬೇಕಾದ ಮಾತು. ಹತ್ತಿರದ ಐ ಬ್ಯಾಂಕ್ ನಂಬರ್ ಇವತ್ತೇ ಫೋನಲ್ಲಿ ಸೇವ್ ಮಾಡಿ.

ಮತ್ತೆ ಕಂಠೀರವ ಸ್ಟುಡಿಯೋಗೆ ಬರೋಣ.

2006ರ ಆ ಎರಡು ದಿನ ಬೆಂಗಳೂರು ಹೇಗಿತ್ತು ಅಂತ ನೆನಪಿರೋರು ಇದ್ದೀರಿ. ನಾನು ಆಗ ಸ್ಕೂಲಲ್ಲಿದ್ದೆ. ಬಸ್ಸಿಗೆ ಬೆಂಕಿ, ಕಲ್ಲು, ಗೋಲಿಬಾರ್. ಜೀವಗಳು ಹೋದವು, ಡ್ಯೂಟಿ ಮೇಲಿದ್ದ ಪೊಲೀಸರೊಬ್ಬರ ಜೀವವೂ ಹೋಯ್ತು. ಬಸ್ ನಿಂತುಹೋಗಿ ಅಪ್ಪ ಪೀಣ್ಯದಿಂದ ಮನೆವರೆಗೆ ನಡೆದುಕೊಂಡು ಬಂದಿದ್ದರು. ಬಂದವರು ಟಿವಿ ಮುಂದೆ ಕೂತು, ಉರೀತಿರೋ ಬಸ್ ನೋಡಿ, ‘ಅಭಿಮಾನಿ ದೇವರುಗಳು ಅಂತ ಕೈ ಮುಗಿಯೋರು ಕಣೋ ಅವರು, ಹಿಂಗಾ ಕಳಿಸೋದು’ ಅಂದದ್ದು ನನಗೆ ಈಗಲೂ ಕೇಳಿಸುತ್ತೆ. ಅವತ್ತು ಜನಕ್ಕೆ ಪ್ರೀತಿ ಇರಲಿಲ್ಲ ಅಂತಲ್ಲ. ಕೊನೇ ಸಲ ಮುಖ ನೋಡೋಕೆ ಆಗಲಿಲ್ಲ ಅನ್ನೋ ಸಂಕಟ ಇತ್ತು. ಆ ಸಂಕಟಕ್ಕೆ ದಾರಿ ಮಾಡಿಕೊಡೋ ವ್ಯವಸ್ಥೆ ಇರಲಿಲ್ಲ.

15 ವರ್ಷ ಆದ ಮೇಲೆ ಅಪ್ಪು ಹೋದಾಗ ಅದೇ ಊರು, ಅದೇ ಜನ. ಕಂಠೀರವ ಕ್ರೀಡಾಂಗಣದಲ್ಲಿ ಹಗಲೂ ರಾತ್ರಿ ದರ್ಶನಕ್ಕೆ ಬಿಟ್ಟರು. ಲಕ್ಷಗಟ್ಟಲೆ ಜನ ಸಾಲಲ್ಲಿ ನಿಂತರು. ಮನೆಯವರು ಅಳುತ್ತಲೇ ಕೈ ಮುಗಿದು ಶಾಂತವಾಗಿರಿ ಅಂದರು, ಜನ ಇದ್ದರು. ಅಕ್ಟೋಬರ್ 31ರ ಬೆಳಗ್ಗೆ ಅಪ್ಪ ಅಮ್ಮನ ಹತ್ತಿರವೇ ಮಗನನ್ನು ಮಲಗಿಸಿದರು. ಆಮೇಲೆ ಊರೂರಲ್ಲಿ ಯುವಕರು ಕಣ್ಣಿನ ದಾನಕ್ಕೆ ಹೆಸರು ಬರೆಸಿದರು, ರಕ್ತ ಕೊಟ್ಟರು, ಅನ್ನ ಹಾಕಿದರು. ಒಂದು ಊರು ದುಃಖ ಪಡೋದನ್ನೂ ಕಲಿಯುತ್ತೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಇನ್ನೊಂದು ಸಣ್ಣ ವಿಷಯ. ನನ್ನ ಪ್ರಕಾರ ಇದೇ ದೊಡ್ಡದು. ರಾಜ್‌ಕುಮಾರ್ ಜಾಹೀರಾತುಗಳಲ್ಲಿ ನಟಿಸುತ್ತಿರಲಿಲ್ಲ. ಒಂದಕ್ಕೆ ಮಾತ್ರ ಒಪ್ಪಿದರು. ನಂದಿನಿ ಹಾಲು. ರೈತರದು ಅಂತ ದುಡ್ಡು ಮುಟ್ಟಲಿಲ್ಲ. ಯಲಹಂಕದ ಮದರ್ ಡೇರಿ ದಾರಿಯಲ್ಲಿ ಬೆಳಗಿನ ಜಾವ ಓಡಾಡಿರೋರಿಗೆ ಗೊತ್ತು, ಹಾಲಿನ ಲಾರಿಗಳ ಹಿಂದೆ ಎಷ್ಟು ಹಳ್ಳಿಗಳ ಬೆವರು ಇದೆ ಅಂತ. ಮುಂದೆ ಅಪ್ಪು ನಂದಿನಿಗೆ ರಾಯಭಾರಿ ಆದರು, ಅವರೂ ಸಂಭಾವನೆ ತಗೊಳ್ಳಲಿಲ್ಲ. ಅಪ್ಪು ಹೋದ ಮೇಲೆ ಶಿವಣ್ಣ ಬಂದರು, ಅವರೂ ತಗೊಳ್ಳಲಿಲ್ಲ. ‘ಅಪ್ಪಾಜಿ ಏನು ಮಾಡಿದ್ದರೋ ಅದು’, ಅಷ್ಟೇ ಲೆಕ್ಕ. 2012ರಲ್ಲಿ ಅಪ್ಪು ಅಪ್ಪನ ಬಗ್ಗೆ ಒಂದು ದೊಡ್ಡ ಪುಸ್ತಕ ತಂದರು, ಇನ್ನೊಬ್ಬ ಲೇಖಕಿಯ ಜೊತೆ ಸೇರಿ, ಫೋಟೋಗಳನ್ನು ಹುಡುಕಿ ಹುಡುಕಿ ಕೂಡಿಸಿ. ಕೊನೆಗೆ ಅವರು ಮಾಡಿದ ಕಾಡಿನ ಸಾಕ್ಷ್ಯಚಿತ್ರಕ್ಕೂ ‘ಗಂಧದ ಗುಡಿ’ ಅಂತಲೇ ಹೆಸರು. 1973ರಲ್ಲಿ ಅಪ್ಪ ಅರಣ್ಯಾಧಿಕಾರಿ ಆಗಿ ನಟಿಸಿದ ಚಿತ್ರದ ಹೆಸರು. ಅದು ತೆರೆಗೆ ಬಂದಾಗ ಅಪ್ಪು ಹೋಗಿ ಒಂದು ವರ್ಷ ಆಗಿತ್ತು. ಅಪ್ಪ ನೋಡದ ಮಗನ ಗೆಲುವಿನಿಂದ ಶುರುವಾದ ಕಥೆ, ಮಗನೂ ನೋಡದ ತನ್ನ ಚಿತ್ರದವರೆಗೆ ಬಂತು.

ನೀವು ಕೇಳಬಹುದು. ಅವರು ದೊಡ್ಡವರು, ಅವರಿಗೆ ಸ್ಮಾರಕ ಇದೆ, ರಸ್ತೆಗೆ ಹೆಸರಿದೆ. ನಮ್ಮಪ್ಪಂಗೆ ಏನಿದೆ?

ಹೆಬ್ಬಾಳಕ್ಕೆ ಹೋಗಿ ಒಂದು ಕಲ್ಲು ನೋಡಿ. 2018ರಲ್ಲಿ ಸಿಕ್ಕ ವೀರಗಲ್ಲು. ಸುಮಾರು ಕ್ರಿ.ಶ. 750ರದು, ಗಂಗರ ಶ್ರೀಪುರುಷನ ಕಾಲ. ಬೆಂಗಳೂರಿನಲ್ಲಿ ಸಿಕ್ಕಿರೋ ಅತಿ ಹಳೆಯ ಕನ್ನಡ ಶಾಸನ ಅಂತಾರೆ. ಹೆಬ್ಬಾಳ ಆಗ ಪೆರ್ಬೊಳಲು ನಾಡು. ರಾಷ್ಟ್ರಕೂಟರ ದಾಳಿ ಎದುರಿಸಿ ಸತ್ತ ಕಿತ್ತಯ್ಯ ಅನ್ನೋ ಒಬ್ಬನ ಹೆಸರು ಅದರಲ್ಲಿದೆ. ರಾಜನಲ್ಲ, ಈ ಊರಿನವನು. ಆ ಹೆಸರನ್ನು ಕಲ್ಲಲ್ಲಿ ಕೆತ್ತಿಸಿದವರು ಇವನು ಮರೆತುಹೋಗಬಾರದು ಅಂದುಕೊಂಡರು, ಅಷ್ಟೆ. 1,200 ವರ್ಷಕ್ಕೂ ಮೇಲೆ ಆಯ್ತು. ಮೇಲೆ ಫ್ಲೈಓವರ್ ಬಂತು, ಏರ್‌ಪೋರ್ಟ್ ರೋಡ್ ಬಂತು. ಹೆಸರು ಇದೆ. ಆಸಕ್ತರು ಮುಂದೆ ನಿಂತು ಆ ಕಲ್ಲಿಗೆ ಒಂದು ಮಂಟಪವನ್ನೂ ಕಟ್ಟಿಸಿದ್ದಾರೆ.

ನಿಮ್ಮ ಹತ್ತಿರ ಕಲ್ಲಿಲ್ಲ. ಇನಿಷಿಯಲ್ ಇದೆ. ಮದುವೆ ಆದಾಗ ನನ್ನನ್ನು ತುಂಬ ಜನ ಕೇಳಿದರು, ಇನಿಷಿಯಲ್ ಬದಲಾಯಿಸಲ್ವಾ ಅಂತ. ಬದಲಾಯಿಸೋರನ್ನು ನಾನು ತಪ್ಪು ಅನ್ನಲ್ಲ. ನಾನು ಇಟ್ಟುಕೊಂಡೆ. ಪಾಸ್‌ಪೋರ್ಟ್ ಮಾಡಿಸುವಾಗ ಇನಿಷಿಯಲ್ ಬಿಡಿಸಿ ಬರೀರಿ ಅಂದರು, ಸರ್‌ನೇಮ್ ಅನ್ನೋ ಕಡೆ ಅಪ್ಪನ ಪೂರ್ತಿ ಹೆಸರು ಹೋಯ್ತು. ನಮ್ಮಪ್ಪ ಯಲಹಂಕದ ಏರ್ ಶೋ ದಿನಗಳಲ್ಲಿ ನಮ್ಮನ್ನು ಟೆರೇಸ್ ಮೇಲೆ ನಿಲ್ಲಿಸಿ ಕತ್ತು ನೋಯೋವರೆಗೆ ವಿಮಾನ ತೋರಿಸಿದೋರು. ತಾವು ಒಂದು ಸಲವೂ ವಿಮಾನ ಹತ್ತಲಿಲ್ಲ. ಅವರು ಹೋದ ಮೇಲೆ ಒಂದು ವರದಿಗೆ ಅಂತ ಹೊರದೇಶಕ್ಕೆ ಹೋದಾಗ, ಫ್ರಾಂಕ್‌ಫರ್ಟ್ ಏರ್‌ಪೋರ್ಟ್ ಕೌಂಟರ್‌ನಲ್ಲಿ ಒಬ್ಬಾಕೆ ಮೈಕಿನಲ್ಲಿ ನನ್ನನ್ನು ಕರೆದಳು. ಕರೆದದ್ದು ಅಪ್ಪನ ಹೆಸರು. ಎಡವಟ್ಟಾಗಿ, ಎಲ್ಲೆಲ್ಲೋ ಒತ್ತು ಹಾಕಿ ಕೂಗಿದಳು. ನಾನು ಎದ್ದು ನಿಂತೆ.

ಪಿತೃಪಕ್ಷದಲ್ಲಿ ಎಡೆ ಇಡ್ತೀವಿ. ಹೊಸ ಬಟ್ಟೆ, ಅವರಿಗಿಷ್ಟವಾದ ಅಡುಗೆ, ತಪ್ಪಿಸೋದು ಬೇಡ. ಆದರೆ ಇಷ್ಟವಾದದ್ದು ಅಂದರೆ ಅಡುಗೆ ಒಂದೇ ಅಲ್ಲ. ಅಪ್ಪ ಯಾವುದಕ್ಕೆ ದುಡ್ಡು ತಗೊಳ್ತಿರಲಿಲ್ಲ? ಯಾವ ಮಾತು ಆಡ್ತಿರಲಿಲ್ಲ? ಯಾವ ಅಳತೆ ತಪ್ಪಿದರೆ ಪೀಸ್ ಪಕ್ಕಕ್ಕಿಡ್ತಿದ್ದರು? ಅದನ್ನು ಗೊತ್ತು ಮಾಡಿಕೊಂಡು, ಅದರಲ್ಲಿ ಒಂದನ್ನಾದರೂ ನಾವು ಮುಂದುವರಿಸಿದರೆ ಅದೂ ಎಡೆಯೇ.

ಅಪ್ಪ ಇರೋರು ಇವತ್ತು ರಾತ್ರಿ ಒಂದು ಕೆಲಸ ಮಾಡಿ. ನಮ್ಮ ಚರ್ಚೆ ಮುಗಿದ ಮೇಲೆ ಟಿವಿ ಆಫ್ ಮಾಡಿ. ಆ್ಯಂಕರ್ ಹೀಗೆ ಹೇಳಬಾರದು, ಆದರೂ ಹೇಳ್ತಿದ್ದೀನಿ. ಫೋನಲ್ಲಿ ರೆಕಾರ್ಡಿಂಗ್ ಹಾಕಿ ಅಪ್ಪನ್ನ ಮೂರು ಪ್ರಶ್ನೆ ಕೇಳಿ. ನಿಮ್ಮ ಮೊದಲ ಸಂಬಳ ಎಷ್ಟು? ಅದನ್ನ ಏನು ಮಾಡಿದಿರಿ? ನಿಮ್ಮಪ್ಪ ಹೇಗಿದ್ದರು? ಮೊದಲು ‘ಅದೆಲ್ಲ ಈಗ್ಯಾಕೆ’ ಅಂತಾರೆ. ಐದು ನಿಮಿಷ ಬಿಟ್ಟು ಶುರು ಮಾಡ್ತಾರೆ. ನಡುವೆ ಬಾಯಿ ಹಾಕಬೇಡಿ.

ಇವತ್ತಿಗೆ ಇಷ್ಟು.